ಕಿರ್ಗಿಸ್ತಾನಕ್ಕೆ ಯಾವ ತಿಂಗಳು ಹೋಗೋಣ?

ಪ್ರತಿ ಹಾಸ್ಟೆಲ್‌ನಲ್ಲೂ ಒಂದು ಗೋವಾ ಪ್ಲಾನ್ ಇರುತ್ತದೆ. ಮೊದಲ ಸೆಮಿಸ್ಟರ್‌ನಲ್ಲಿ ವಾಟ್ಸ್‌ಆ್ಯಪ್ ಗ್ರೂಪ್ ಆಗಿ ಹುಟ್ಟುತ್ತದೆ, ಫೇರ್‌ವೆಲ್ ಮುಗಿದ ಮೇಲೆ ಒಬ್ಬೊಬ್ಬರೇ ಗ್ರೂಪ್ ಬಿಡುವುದರೊಂದಿಗೆ ಸಾಯುತ್ತದೆ. ಈಚೆಗೆ ಗೋವಾದ ಜಾಗದಲ್ಲಿ ಹೊಸ ಹೆಸರುಗಳು ಬಂದು ಕೂತಿವೆ. ಕಿರ್ಗಿಸ್ತಾನ, ಕಜಾಕಸ್ತಾನ, ಉಜ್ಬೇಕಿಸ್ತಾನ. ರೀಲ್ಸ್ ತೆಗೆದರೆ ಸಾಕು, ನೀಲಿ ಸರೋವರ, ಹಸಿರು ಬೆಟ್ಟ, ಓಡುವ ಕುದುರೆ. ಯುರೋಪಿಗಿಂತ ಖರ್ಚು ಕಡಿಮೆ. ದೆಹಲಿಯಿಂದ ನೇರ ವಿಮಾನ ಸಿಕ್ಕರೆ ನಾಲ್ಕು ಗಂಟೆಯೊಳಗೆ ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್. ಮಾತು ಶುರುವಾದ ಹತ್ತನೇ ನಿಮಿಷಕ್ಕೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಬೆಸ್ಟ್ ಸೀಸನ್ ಯಾವುದು ಮಗಾ?’

ಮೊಬೈಲ್‌ನಲ್ಲಿ ಹುಡುಕಿದರೆ ಉತ್ತರ ಸಿದ್ಧವಾಗಿದೆ. ಏಪ್ರಿಲ್, ಮೇ; ಇಲ್ಲವೇ ಸೆಪ್ಟೆಂಬರ್, ಅಕ್ಟೋಬರ್. ಅಲ್ಲಿಗೆ ನಮ್ಮ ಪ್ಲಾನ್ ಅರ್ಧ ಸತ್ತಂತೆಯೇ. ಏಪ್ರಿಲ್–ಮೇ ಎಂದರೆ ಇಂಟರ್ನಲ್ಸ್, ಲ್ಯಾಬ್ ರೆಕಾರ್ಡ್, ಪ್ರಾಜೆಕ್ಟ್ ರಿವ್ಯೂ. ಸೆಪ್ಟೆಂಬರ್–ಅಕ್ಟೋಬರ್ ಎಂದರೆ ಹಾಜರಾತಿ ಲೆಕ್ಕ ಮತ್ತು ಕ್ಯಾಂಪಸ್ ಸಂದರ್ಶನ. ‘ಒಳ್ಳೆಯ ಕಾಲ’ ಎಂದು ಜಗತ್ತು ಹೇಳುವ ನಾಲ್ಕೂ ತಿಂಗಳು ನಮ್ಮ ಕೈಯಲ್ಲಿಲ್ಲ.

ನನ್ನ ವಾದ ಇಷ್ಟೇ: ಪ್ರಶ್ನೆಯನ್ನು ತಿರುಗಿಸಿ ಕೇಳೋಣ. ‘ಈ ದೇಶಕ್ಕೆ ಯಾವ ತಿಂಗಳು ಒಳ್ಳೆಯದು’ ಎಂದಲ್ಲ, ‘ನನ್ನ ಕೈಯಲ್ಲಿರುವ ತಿಂಗಳಿಗೆ ಈ ದೇಶದ ಯಾವ ಜಾಗ ಒಳ್ಳೆಯದು, ಆಗ ಅಲ್ಲಿನ ಜನ ಏನು ಮಾಡುತ್ತಿರುತ್ತಾರೆ’ ಎಂದು. ಹಾಗೆ ಕೇಳಿದರೆ ಕಿರ್ಗಿಸ್ತಾನದಂಥ ದೇಶ ನಮ್ಮಂಥ ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದಂತಿದೆ.

ಸಿದ್ಧ ಉತ್ತರ ಯಾರದು?

ಆ ನಾಲ್ಕು ತಿಂಗಳ ಸಲಹೆ ಸುಳ್ಳಲ್ಲ. ಆದರೆ ಅದು ಬಹುಮಟ್ಟಿಗೆ ಪಕ್ಕದ ಉಜ್ಬೇಕಿಸ್ತಾನಕ್ಕೆ ಹೊಂದುವ ಸಲಹೆ. ಸಮರ್ಕಂದ್, ಬುಖಾರಾ, ಖೀವಾ ತಗ್ಗಿನಲ್ಲಿರುವ ಒಣ ಹವೆಯ ಊರುಗಳು. ಜುಲೈನಲ್ಲಿ ಬುಖಾರಾದ ಉಷ್ಣಾಂಶ 40 ಡಿಗ್ರಿ ಮುಟ್ಟುವುದು ಅಪರೂಪವೇನಲ್ಲ. ಅಲ್ಲಿಗೆ ವಸಂತ ಇಲ್ಲವೇ ಶರತ್ಕಾಲವೇ ಸರಿ. ‘ಮಧ್ಯ ಏಷ್ಯಾ’ ಎಂದು ಒಂದೇ ಹಣೆಪಟ್ಟಿ ಅಂಟಿಸಿ ಅದೇ ಸಲಹೆಯನ್ನು ಕಿರ್ಗಿಸ್ತಾನಕ್ಕೂ ಕೊಡುವುದರಲ್ಲಿ ಎಡವಟ್ಟಿದೆ.

ಕಿರ್ಗಿಸ್ತಾನ ವಿಸ್ತಾರದಲ್ಲಿ ಕರ್ನಾಟಕಕ್ಕಿಂತ ಸ್ವಲ್ಪವೇ ದೊಡ್ಡದು, ಸುಮಾರು 2 ಲಕ್ಷ ಚದರ ಕಿಲೋಮೀಟರ್. ಜನಸಂಖ್ಯೆ ಮಾತ್ರ ಸುಮಾರು 70 ಲಕ್ಷ. ನೆಲದ ಶೇ 90ಕ್ಕೂ ಹೆಚ್ಚು ಭಾಗ ಪರ್ವತ. ಬಿಷ್ಕೆಕ್ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದ್ದರೆ, ಇಸ್ಸಿಕ್‌ಕುಲ್ ಸರೋವರ 1,600 ಮೀಟರ್, ಸೋಂಗ್‌ಕುಲ್ ಸರೋವರ 3,000 ಮೀಟರ್ ಎತ್ತರದಲ್ಲಿವೆ. ಚೀನಾ ಗಡಿಯ ಜೆಂಗಿಶ್ ಚೊಕುಸು ಶಿಖರ 7,439 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎಂಬುದನ್ನು ನೆನಪಿಸಿಕೊಂಡರೆ ಈ ಅಂಕಿಗಳ ತೂಕ ತಿಳಿಯುತ್ತದೆ.

ಸಾವಿರ ಮೀಟರ್ ಮೇಲೆ ಹೋದಂತೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ ಎಂದು ಶಾಲೆಯಲ್ಲೇ ಓದಿದ್ದೇವೆ. ಜುಲೈ ಮಧ್ಯಾಹ್ನ ಬಿಷ್ಕೆಕ್‌ನಲ್ಲಿ 32 ಡಿಗ್ರಿ ಇದೆ ಎಂದುಕೊಳ್ಳಿ. ಸೋಂಗ್‌ಕುಲ್ ಅಲ್ಲಿಂದ 2,200 ಮೀಟರ್ ಮೇಲೆ. ಲೆಕ್ಕ ಹಾಕಿದರೆ 14 ಡಿಗ್ರಿ ಕಡಿಮೆ, ಅಂದರೆ 18ರ ಆಸುಪಾಸು. ರಾತ್ರಿ ಸ್ವೆಟರ್ ಮೇಲೆ ಜಾಕೆಟ್ ಬೇಕು. ಒಂದೇ ದಿನ, ಒಂದೇ ದೇಶ, ಎರಡು ಋತು. ಇಂಥ ಕಡೆ ಕ್ಯಾಲೆಂಡರ್‌ಗಿಂತ ಎತ್ತರವೇ ಹೆಚ್ಚು ಹೇಳುತ್ತದೆ. ತಿಂಗಳು ಬದಲಿಸಲು ಆಗದಿದ್ದರೆ ಎತ್ತರ ಬದಲಿಸಬಹುದು.

ಅದೇ ಲೆಕ್ಕವನ್ನು ಉಲ್ಟಾ ಹಾಕಿ ನೋಡಿ. ‘ಬೆಸ್ಟ್ ಸೀಸನ್’ ಎಂದು ಏಪ್ರಿಲ್‌ನಲ್ಲಿ ಹೋದವರಿಗೆ ಸೋಂಗ್‌ಕುಲ್ ಹೆಪ್ಪುಗಟ್ಟಿಯೇ ಇರುತ್ತದೆ. ಅಲ್ಲಿಗೆ ಹತ್ತುವ ದಾರಿ ಹಿಮದಡಿ ಇರುತ್ತದೆ. ರೀಲ್ಸ್‌ನಲ್ಲಿ ಕಂಡ ಹಸಿರು, ಕುದುರೆ, ಗುಡಾರ ಯಾವುದೂ ಇರುವುದಿಲ್ಲ. ಅವೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಚಿತ್ರಗಳು.

ತಿಂಗಳಿಗೊಂದು ಕೆಲಸ

ಹವಾಮಾನ ನೋಡಿ ಹೋಗುವುದಕ್ಕಿಂತ ಅಲ್ಲಿನವರ ಕೆಲಸ ನೋಡಿ ಹೋಗುವುದು ಮೇಲು. ನಮ್ಮಲ್ಲಿ ಸುಗ್ಗಿ ಯಾವಾಗ, ಬಿತ್ತನೆ ಯಾವಾಗ ಎನ್ನುವಂತೆ ಅಲ್ಲಿಯೂ ವರ್ಷಕ್ಕೊಂದು ಲಯವಿದೆ.

ಮಾರ್ಚ್ 21ಕ್ಕೆ ನೂರುಜ್, ಅವರ ಯುಗಾದಿ ಎನ್ನಿ. ಮೊಳಕೆ ಬರಿಸಿದ ಗೋಧಿಯ ಸುಮಲಾಕ್ ಎಂಬ ಸಿಹಿಯನ್ನು ದೊಡ್ಡ ಕೊಪ್ಪರಿಗೆಯಲ್ಲಿ ರಾತ್ರಿಯಿಡೀ ಕೈಯಾಡಿಸುತ್ತ ಕುದಿಸುತ್ತಾರೆ. ಮನೆಯವರು, ನೆರೆಹೊರೆಯವರು ಸರದಿಯಲ್ಲಿ ತಿರುವುತ್ತಾರೆ. ಆಗ ಬೆಟ್ಟದ ಮೇಲೆ ಏನೂ ಕಾಣದಿದ್ದರೂ ಊರೊಳಗೆ ಹಬ್ಬ ಕಾಣುತ್ತದೆ.

ಏಪ್ರಿಲ್‌ನಲ್ಲಿ ಇಸ್ಸಿಕ್‌ಕುಲ್‌ನ ದಕ್ಷಿಣ ದಡದಲ್ಲಿ ಏಪ್ರಿಕಾಟ್ ಮರಗಳು ಹೂ ಬಿಡುತ್ತವೆ. ದಕ್ಷಿಣದ ಓಶ್ ನಗರಕ್ಕೂ ಇದೇ ಸಕಾಲ. ಫರ್ಗಾನಾ ಕಣಿವೆಯ ಅಂಚಿನ ಈ ಊರಿನ ನಡುವೆ ಸುಲೈಮಾನ್‌ತೂ ಎಂಬ ಕಲ್ಲುಗುಡ್ಡವಿದೆ. 2009ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಹತ್ತಿರದ ಅಂದಿಜಾನ್‌ನಲ್ಲಿ 1483ರಲ್ಲಿ ಹುಟ್ಟಿದ ಬಾಬರ್ ಈ ಗುಡ್ಡದ ಮೇಲೆ ಒಂದು ಸಣ್ಣ ಕೋಣೆ ಕಟ್ಟಿಸಿದ್ದ. ದೆಹಲಿಯ ತಖ್ತಿಗೆ ಬಂದ ಮೇಲೂ ಆತನಿಗೆ ಆ ಊರು ಮರೆಯಲಿಲ್ಲ. ತನ್ನ ಆತ್ಮಕಥೆಯಲ್ಲಿ ಓಶ್‌ನ ವಸಂತದ ಹೂಗಳನ್ನು ನೆನೆಯುತ್ತಾನೆ. ಇತಿಹಾಸದ ಹುಚ್ಚಿದ್ದವರಿಗೆ ಏಪ್ರಿಲ್ ನಿಜಕ್ಕೂ ಒಳ್ಳೆಯದು. ಚಾರಣದ ಹುಚ್ಚಿದ್ದವರಿಗೆ ಅಲ್ಲ.

ಜೂನ್ ಬಂದರೆ ಕುರಿಗಾಹಿ ಕುಟುಂಬಗಳು ಕುರಿ, ಕುದುರೆಗಳ ಸಮೇತ ಮೇಲಿನ ಹುಲ್ಲುಗಾವಲು ಏರುತ್ತವೆ. ಆ ಹುಲ್ಲುಗಾವಲಿಗೆ ಜೈಲೂ ಎನ್ನುತ್ತಾರೆ. ಉಣ್ಣೆಯನ್ನು ಅದುಮಿ ಮಾಡಿದ ದಪ್ಪ ಹೊದಿಕೆಯ ಗುಂಡನೆಯ ಗುಡಾರ, ಅಂದರೆ ಯುರ್ಟ್, ಏಳುವುದು ಆಗಲೇ. ಹೆಣ್ಣು ಕುದುರೆಗಳು ಮರಿ ಹಾಕಿ ಹಾಲು ಕೊಡುವ ಕಾಲವಾದ್ದರಿಂದ ಹುಳಿ ಬರಿಸಿದ ಕುದುರೆ ಹಾಲು, ಕುಮಿಸ್, ತಾಜಾ ಸಿಗುವುದೂ ಆಗಲೇ. ಚಳಿಗಾಲದಲ್ಲಿ ಪ್ರವಾಸಿಗರಿಗೆಂದು ಯುರ್ಟ್ ಕಟ್ಟಿ ತೋರಿಸಬಹುದು. ಆದರೆ ಅದರೊಳಗೆ ಒಂದು ಸಂಸಾರ ನಡೆಯುತ್ತಿರುವುದನ್ನು ನೋಡಬೇಕಾದರೆ ಬೇಸಿಗೆಯಲ್ಲೇ ಹೋಗಬೇಕು.

ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಜನ ಕೆಳಗಿಳಿಯಲು ಶುರು ಮಾಡುತ್ತಾರೆ. ವಿಶ್ವ ಅಲೆಮಾರಿ ಕ್ರೀಡಾಕೂಟವನ್ನು 2014, 2016 ಮತ್ತು 2018ರಲ್ಲಿ ಇಸ್ಸಿಕ್‌ಕುಲ್ ದಡದಲ್ಲಿ ನಡೆಸಿದ್ದು ಇದೇ ತಿಂಗಳಲ್ಲಿ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಆರ್ಸ್ಲಾನ್‌ಬಾಬ್‌ನ ಕಾಡಿನಲ್ಲಿ ವಾಲ್‌ನಟ್ ಉದುರುತ್ತದೆ. ಅಲ್ಲಿ ನೈಸರ್ಗಿಕವಾಗಿ ಬೆಳೆದ ವಾಲ್‌ನಟ್ ಮರಗಳದ್ದೇ ದೊಡ್ಡ ಕಾಡಿದೆ. ಕೊಯ್ಲಿನ ದಿನಗಳಲ್ಲಿ ಕೆಲವು ಮನೆಯವರು ಕಾಡಿನಲ್ಲೇ ಬಿಡಾರ ಹೂಡುತ್ತಾರೆ. ನಮ್ಮ ಮಲೆನಾಡಿನವರಿಗೆ ಅಡಿಕೆ ಸುಗ್ಗಿ ನೆನಪಾದರೆ ಆಶ್ಚರ್ಯವಿಲ್ಲ.

ಇನ್ನೊಂದು ವಿಷಯ ಯಾವ ಪ್ರವಾಸಿ ಪಟ್ಟಿಯಲ್ಲೂ ನನಗೆ ಕಾಣಲಿಲ್ಲ. ಅದು ನಮ್ಮ ಮನೆಗಳ ಮೊದಲ ಪ್ರಶ್ನೆ: ‘ಅಲ್ಲಿ ಊಟಕ್ಕೆ ಏನು ಮಾಡ್ತೀಯಾ?’ ಕಿರ್ಗಿಸ್ತಾನದ ಅಡುಗೆಯಲ್ಲಿ ಮಾಂಸವೇ ಮುಖ್ಯ. ಸಸ್ಯಾಹಾರಿಗಳಿಗೆ ಅತಿ ಕಷ್ಟದ ಕಾಲ ಚಳಿಗಾಲ. ಅತಿ ಸುಲಭದ ಕಾಲ ಆಗಸ್ಟ್–ಸೆಪ್ಟೆಂಬರ್. ಆಗ ಸಂತೆಯಲ್ಲಿ ಟೊಮೆಟೊ, ಸೌತೆ, ಕಲ್ಲಂಗಡಿ, ಸೇಬು ರಾಶಿ ಬಿದ್ದಿರುತ್ತವೆ. ಬ್ರೆಡ್, ಮೊಸರು, ಜಾಮ್ ಜತೆಗೆ ಹೊಟ್ಟೆ ತುಂಬುತ್ತದೆ. ಋತು ಆರಿಸುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಚಳಿಗಾಲದ ಕರೆಂಟ್ ಲೆಕ್ಕ

ಕಿರ್ಗಿಸ್ತಾನದಲ್ಲಿ ಸಾವಿರಾರು ಭಾರತೀಯರು ವೈದ್ಯಕೀಯ ಓದುತ್ತಿದ್ದಾರೆ. ಪಿಯುಸಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನೂ ಈಗ ಬಿಷ್ಕೆಕ್‌ನಲ್ಲಿದ್ದಾನೆ. ಜನವರಿ ರಜೆಯಲ್ಲಿ ಬರಲೇ ಎಂದು ಕೇಳಿದ್ದಕ್ಕೆ ಅವನು ಹೇಳಿದ್ದು, ‘ಬರಬೇಡ್ವೋ, ಹೊಗೆ ಕುಡಿಯೋಕೆ ಬರ್ತೀಯಾ?’ ಚಳಿಗಾಲದಲ್ಲಿ ಮನೆ ಬಿಸಿಯಾಗಿಡಲು ಊರ ತುಂಬ ಕಲ್ಲಿದ್ದಲು ಉರಿಸುತ್ತಾರೆ. ಸುತ್ತ ಬೆಟ್ಟ, ಗಾಳಿ ಅಲ್ಲೇ ನಿಲ್ಲುತ್ತದೆ. ಜಗತ್ತಿನ ಅತಿ ಕೆಟ್ಟ ಗಾಳಿಯ ನಗರಗಳ ಸಾಲಿನಲ್ಲಿ ಬಿಷ್ಕೆಕ್ ಹೆಸರು ಬರುವುದು ಈ ತಿಂಗಳುಗಳಲ್ಲೇ.

ಎಲೆಕ್ಟ್ರಿಕಲ್ ವಿದ್ಯಾರ್ಥಿಯಾಗಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅಲ್ಲಿನ ವಿದ್ಯುತ್. ಬಹುಪಾಲು ಜಲವಿದ್ಯುತ್. ನಾರಿನ್ ನದಿಗೆ ಸೋವಿಯತ್ ಕಾಲದಲ್ಲಿ ಕಟ್ಟಿದ ತೊಕ್ತೊಗುಲ್ ಅಣೆಕಟ್ಟೆಯೇ ಅದರ ಬೆನ್ನೆಲುಬು. ಅದನ್ನು 1,200 ಮೆಗಾವಾಟ್ ಸಾಮರ್ಥ್ಯಕ್ಕೆ ಕಟ್ಟಲಾಗಿತ್ತು. ತುಂಬಿದರೆ 1,950 ಕೋಟಿ ಘನ ಮೀಟರ್ ನೀರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಕೆಆರ್‌ಎಸ್‌ನ ಸುಮಾರು 14 ಪಟ್ಟು. ತೊಂದರೆ ಏನೆಂದರೆ, ಹಿಮ ಕರಗಿ ನದಿ ತುಂಬುವುದು ಬೇಸಿಗೆಯಲ್ಲಿ, ಕರೆಂಟ್ ಹೆಚ್ಚು ಬೇಕಾಗುವುದು ಚಳಿಗಾಲದಲ್ಲಿ.

ಸೋವಿಯತ್ ಒಕ್ಕೂಟ ಇದ್ದಾಗ ಒಂದು ಹೊಂದಾಣಿಕೆ ಇತ್ತು. ಕಿರ್ಗಿಸ್ತಾನ ಬೇಸಿಗೆಯಲ್ಲಿ ಕೆಳಗಿನ ಉಜ್ಬೇಕಿಸ್ತಾನ, ಕಜಾಕಸ್ತಾನದ ಹೊಲಗಳಿಗೆ ನೀರು ಬಿಡಬೇಕು, ಅವರು ಚಳಿಗಾಲದಲ್ಲಿ ಕಲ್ಲಿದ್ದಲು, ಗ್ಯಾಸ್ ಕೊಡಬೇಕು. 1991ರಲ್ಲಿ ಮೂರೂ ಬೇರೆ ಬೇರೆ ದೇಶಗಳಾದ ಮೇಲೆ ಈ ಕೊಡುಕೊಳ್ಳುವಿಕೆ ಮುರಿದುಬಿತ್ತು. ಚಳಿ ತಡೆಯಲು ಕಿರ್ಗಿಸ್ತಾನ ಚಳಿಗಾಲದಲ್ಲೇ ನೀರು ಬಿಟ್ಟು ಕರೆಂಟ್ ಮಾಡತೊಡಗಿತು. ಕೆಳಗಿನವರಿಗೆ ಚಳಿಗಾಲದಲ್ಲಿ ಬೇಡದ ನೆರೆ, ಬೇಸಿಗೆಯಲ್ಲಿ ಬೇಕಾದ ನೀರಿಗೆ ಬರ. ಕಾವೇರಿ ನೀರಿನ ಸುದ್ದಿ ಓದುತ್ತ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಚಳಿಗಾಲ ಬೇಡವೇ ಬೇಡ ಎಂದಲ್ಲ. ಜನವರಿ–ಫೆಬ್ರುವರಿಯ ಸೆಮಿಸ್ಟರ್ ರಜೆ ಮಾತ್ರ ಕೈಯಲ್ಲಿದ್ದರೆ ಬಿಷ್ಕೆಕ್‌ನಲ್ಲಿ ಹೆಚ್ಚು ದಿನ ಕಳೆಯದೆ ಪೂರ್ವದ ಕರಕೋಲ್‌ಗೆ ಹೋಗಬಹುದು. ಅಲ್ಲಿ ಹಿಮದ ಮೇಲೆ ಜಾರುವ ಸ್ಕೀಯಿಂಗ್ ತಾಣವಿದೆ. ಹಾದಿಯುದ್ದಕ್ಕೂ ಜತೆಯಾಗುವ ಇಸ್ಸಿಕ್‌ಕುಲ್ ಆ ಚಳಿಯಲ್ಲೂ ಹೆಪ್ಪುಗಟ್ಟುವುದಿಲ್ಲ. 668 ಮೀಟರ್ ಆಳ, ನೀರಿನಲ್ಲಿ ಸ್ವಲ್ಪ ಉಪ್ಪು. ಅದರ ಹೆಸರಿನ ಅರ್ಥವೇ ಬಿಸಿ ಸರೋವರ. ಹದ್ದು ಸಾಕಿ ಬೇಟೆಯಾಡುವವರ ನಿಜವಾದ ಬೇಟೆಯ ಕಾಲವೂ ಚಳಿಗಾಲವೇ. ಬೇಸಿಗೆಯಲ್ಲಿ ಪ್ರವಾಸಿಗರಿಗೆ ತೋರಿಸುವುದು ಪ್ರದರ್ಶನ ಮಾತ್ರ.

ನಮ್ಮ ಬದುಕಿನ ಋತು

ಇಷ್ಟೆಲ್ಲ ಹೇಳಿದ ಮೇಲೆ ಒಂದು ಉತ್ತರ ಕೊಡಲೇಬೇಕು. ನನ್ನ ಉತ್ತರ: ಬಿಇ, ಬಿಕಾಂ, ಬಿಎಸ್ಸಿ ಯಾವುದೇ ಇರಲಿ, ಕೊನೆಯ ಸೆಮಿಸ್ಟರ್ ಪರೀಕ್ಷೆ ಮುಗಿದ ನಂತರದ ಜುಲೈ, ಆಗಸ್ಟ್, ಸೆಪ್ಟೆಂಬರ್.

ಈ ತಿಂಗಳುಗಳು ನಮ್ಮಲ್ಲಿ ಹೇಗೆ ಕಳೆಯುತ್ತವೆ ಎಂಬುದು ಹಿರಿಯ ವಿದ್ಯಾರ್ಥಿಗಳನ್ನು ನೋಡಿದರೆ ಗೊತ್ತಾಗುತ್ತದೆ. ಕೆಲಸ ಸಿಕ್ಕವರು ಜಾಯ್ನಿಂಗ್ ಲೆಟರ್‌ಗೆ ಕಾಯುತ್ತಾರೆ. ಸಿಗದವರು ಕೋರ್ಸ್, ಅರ್ಜಿ, ಸಂದರ್ಶನ ಎಂದು ಓಡುತ್ತಾರೆ. ಇಬ್ಬರಿಗೂ ಮನೆಯಲ್ಲಿ ಒಂದೇ ಮಾತು: ‘ಖಾಲಿ ಕೂತಿದ್ದಾನೆ.’ ಈ ಮಾತನ್ನು ಕೇಳಿ ಕೇಳಿ ನಮಗೇ ನಾವು ಖಾಲಿ ಕೂತಿದ್ದೇವೆ ಅನ್ನಿಸಲು ಶುರುವಾಗುತ್ತದೆ. ಬೆಳಿಗ್ಗೆ ಮೇಲ್ ನೋಡುವುದು, ಮಧ್ಯಾಹ್ನ ಮೇಲ್ ನೋಡುವುದು, ರಾತ್ರಿ ಗೆಳೆಯರಿಗೆ ‘ನಿಂಗೇನಾದ್ರೂ ಬಂತಾ’ ಎಂದು ಕೇಳುವುದು. ಆ ಮೂರು ತಿಂಗಳಲ್ಲಿ ಹತ್ತು ದಿನ ಊರು ಬಿಟ್ಟರೆ ಕೆಲಸವೇನೂ ಓಡಿಹೋಗುವುದಿಲ್ಲ. ಸೋಂಗ್‌ಕುಲ್ ದಾರಿ ತೆರೆದಿರುವುದೂ ಆಗಲೇ, ಕುರಿಗಾಹಿಗಳು ಮೇಲಿರುವುದೂ ಆಗಲೇ, ಸಂತೆಯಲ್ಲಿ ತರಕಾರಿ ಸಿಗುವುದೂ ಆಗಲೇ. ನಮಗೆ ಇಂಟರ್ನಲ್ಸ್ ಇಲ್ಲದಿರುವುದೂ ಆಗಲೇ. ಎರಡು ಕ್ಯಾಲೆಂಡರ್‌ಗಳು ಹೀಗೆ ಕೂಡಿಬರುವುದು ಅಪರೂಪ.

ಕೆಲಸಕ್ಕೆ ಸೇರಿದ ಮೇಲೆ ಹೋದರಾಯಿತು ಎನ್ನುವವರಿದ್ದಾರೆ. ಆಗ ದುಡ್ಡಿರುತ್ತದೆ, ನಿಜ. ಆದರೆ ಮೊದಲ ವರ್ಷ ಒಟ್ಟಿಗೆ ಹತ್ತು ದಿನ ರಜೆ ಕೇಳುವ ಧೈರ್ಯ ಯಾರಿಗಿದೆ? ಆಮೇಲೆ ಶಿಕ್ಷಣ ಸಾಲದ ಕಂತು, ತಂಗಿಯ ಫೀಸು, ಮನೆಯ ರಿಪೇರಿ ಸಾಲುಗಟ್ಟಿ ನಿಲ್ಲುತ್ತವೆ. ನಮ್ಮ ಹಾಸ್ಟೆಲ್‌ನ ಗೋವಾ ಪ್ಲಾನ್‌ಗಳು ಸತ್ತಿದ್ದು ಹಣವಿಲ್ಲದೆ ಮಾತ್ರ ಅಲ್ಲ, ‘ಸರಿಯಾದ ಟೈಮ್’ ಬರಲಿ ಎಂದು ಕಾದೂ ಸತ್ತಿವೆ.

ಹಣದ ಮಾತು ಬಿಡುವಂತಿಲ್ಲ. ಅಪ್ಪ–ಅಮ್ಮನ ಮೇಲೆ ಹೊರೆ ಹಾಕಿ, ಸಾಲ ಮಾಡಿ ಹೋಗಿ ಎಂದು ನಾನು ಹೇಳುತ್ತಿಲ್ಲ. ನಾನು ಐದನೇ ಸೆಮಿಸ್ಟರ್‌ನಲ್ಲಿದ್ದೇನೆ. ಸಂಜೆ ಇಬ್ಬರು ಹುಡುಗರಿಗೆ ಗಣಿತ ಹೇಳಿಕೊಟ್ಟು ಬಂದದ್ದನ್ನು ಕೂಡಿಡುತ್ತಿದ್ದೇನೆ. ಇನ್ನೆರಡು ವರ್ಷವಿದೆ. ಇಸ್ಸಿಕ್‌ಕುಲ್‌ನ ಉತ್ತರ ದಡದ ರೆಸಾರ್ಟ್‌ಗಳು ಜುಲೈ–ಆಗಸ್ಟ್‌ನಲ್ಲಿ ತುಂಬಿ ತುಳುಕುತ್ತವೆ, ಬೆಲೆಯೂ ಏರುತ್ತದೆ. ಊರಿನವರ ಮನೆಗಳಲ್ಲಿ ಉಳಿದುಕೊಂಡು, ಮಾರ್ಶ್ರುತ್ಕಾ ಎಂಬ ವ್ಯಾನ್‌ಗಳಲ್ಲಿ, ಅಂದರೆ ನಮ್ಮ ಟೆಂಪೊ ಇದ್ದ ಹಾಗೆ, ಓಡಾಡಿದರೆ ಖರ್ಚು ಹಿಡಿತದಲ್ಲಿರುತ್ತದೆ. ಆ ಹಣ ನೇರ ಆ ಮನೆಯವರ ಕೈ ಸೇರುತ್ತದೆ. ಮೇಲಿನ ಹಳ್ಳಿಗಳಿಗೆ ಪ್ರವಾಸಿಗರು ಬರುವುದು ವರ್ಷದಲ್ಲಿ ಮೂರು–ನಾಲ್ಕು ತಿಂಗಳು ಮಾತ್ರ. ಸಾಧ್ಯವಾದರೆ ಆಗಸ್ಟ್ ಕೊನೆಯ ವಾರದಿಂದ ಸೆಪ್ಟೆಂಬರ್ ಮೊದಲ ಎರಡು ವಾರ ಇಟ್ಟುಕೊಳ್ಳಿ. ಗದ್ದಲ ಇಳಿದಿರುತ್ತದೆ, ದಾರಿ ಇನ್ನೂ ಮುಚ್ಚಿರುವುದಿಲ್ಲ.

ಭಯಕ್ಕೂ ಉತ್ತರ ಬೇಕು

ಮನೆಯವರ ಭಯವನ್ನು ನಕ್ಕು ತಳ್ಳಿಹಾಕುವಂತಿಲ್ಲ. 2024ರ ಮೇ ತಿಂಗಳಲ್ಲಿ ಬಿಷ್ಕೆಕ್‌ನಲ್ಲಿ ಗುಂಪುಗಳು ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್‌ಗಳ ಮೇಲೆ ದಾಳಿ ಮಾಡಿದ್ದವು. ಹೊರಗೆ ಬರಬೇಡಿ ಎಂದು ಭಾರತದ ರಾಯಭಾರ ಕಚೇರಿ ನಮ್ಮ ವಿದ್ಯಾರ್ಥಿಗಳಿಗೆ ಸೂಚಿಸಿತ್ತು. ಆ ರಾತ್ರಿ ನಿದ್ದೆ ಮಾಡದ ಅಪ್ಪ–ಅಮ್ಮಂದಿರು ನಮ್ಮ ರಾಜ್ಯದಲ್ಲೂ ಇದ್ದರು. ಹವಾಮಾನಕ್ಕೆ ಮುನ್ಸೂಚನೆ ಇರುತ್ತದೆ, ಜನರ ಸಿಟ್ಟಿಗೆ ಇರುವುದಿಲ್ಲ. ಹಾಗಾಗಿ ಟಿಕೆಟ್ ತೆಗೆಯುವ ಮೊದಲೂ, ಹೊರಡುವ ವಾರವೂ ರಾಯಭಾರ ಕಚೇರಿಯ ಸೂಚನೆ ಮತ್ತು ವೀಸಾ ನಿಯಮ ನೋಡಿಕೊಳ್ಳಲೇಬೇಕು. ಅಲ್ಲಿರುವ ಪರಿಚಿತರ ಬಳಿ ಕೇಳಬೇಕು.

ಬೆಟ್ಟದ ಭಯ ಬೇರೆ. ‘ಬೆಸ್ಟ್ ಸೀಸನ್’ ಎಂದರೆ ಸುರಕ್ಷಿತ ಸೀಸನ್ ಎಂದು ಅರ್ಥವಲ್ಲ. 2022ರ ಜುಲೈನಲ್ಲಿ, ಅಂದರೆ ನಡು ಬೇಸಿಗೆಯಲ್ಲಿ, ಜುಕು ಕಣಿವೆ ಕಡೆ ಹಿಮನದಿಯ ತುಂಡೊಂದು ಕಳಚಿ ಚಾರಣಿಗರತ್ತ ನುಗ್ಗಿ ಬಂತು. ಅವರಲ್ಲೊಬ್ಬರು ತೆಗೆದ ವಿಡಿಯೊವನ್ನು ನಮ್ಮಲ್ಲಿ ಅನೇಕರು ನೋಡಿರುತ್ತೀರಿ. ಅದೃಷ್ಟಕ್ಕೆ ಎಲ್ಲರೂ ಬದುಕಿ ಬಂದರು. ಭೂಮಿ ಬಿಸಿಯಾದಂತೆ ಅಲ್ಲಿನ ಹಿಮನದಿಗಳು ಕರಗುತ್ತಿವೆ. ಹತ್ತು ವರ್ಷದ ಹಿಂದೆ ಬರೆದಿಟ್ಟ ‘ಈ ತಿಂಗಳು ಸುರಕ್ಷಿತ’ ಎಂಬ ಮಾತನ್ನು ಕಣ್ಣುಮುಚ್ಚಿ ನಂಬುವ ಕಾಲ ಇದಲ್ಲ. ಎತ್ತರದ ದಾರಿಗೆ ಸ್ಥಳೀಯ ಮಾರ್ಗದರ್ಶಕರು ಜತೆಗಿರಲಿ. 3,000 ಮೀಟರ್ ಏರುವಾಗ ತಲೆನೋವು, ವಾಕರಿಕೆ ಬಂದರೆ ಹಟ ಮಾಡದೆ ಕೆಳಗಿಳಿಯಬೇಕು.

ಇಷ್ಟು ಎಚ್ಚರಿಕೆ ವಹಿಸಿದ ಮೇಲೂ ಉಳಿಯುವ ಪ್ರಶ್ನೆ ಒಂದೇ. ಎಲ್ಲವೂ ಸರಿಯಾಗಿರುವ ತಿಂಗಳು ಯಾವ ದೇಶಕ್ಕೂ ಇಲ್ಲ, ಯಾರ ಬದುಕಿಗೂ ಇಲ್ಲ. ಹೂ ಇದ್ದಾಗ ದಾರಿ ಮುಚ್ಚಿರುತ್ತದೆ, ದಾರಿ ತೆರೆದಾಗ ಕೆಳಗಿನ ಊರು ಕಾದಿರುತ್ತದೆ. ಸಮಯ ಇದ್ದಾಗ ಹಣ ಕಡಿಮೆ, ಹಣ ಬಂದಾಗ ರಜೆ ಇಲ್ಲ. ಇದರಲ್ಲಿ ಯಾವುದನ್ನು ಬಿಟ್ಟುಕೊಡಲು ನೀವು ತಯಾರಿದ್ದೀರಿ ಎಂದು ಮೊದಲು ನಿರ್ಧರಿಸಿ. ಆಮೇಲೆ ತಿಂಗಳು ತಾನಾಗಿಯೇ ಸಿಗುತ್ತದೆ. ಕೊನೆಯ ಸೆಮಿಸ್ಟರ್‌ನಲ್ಲಿರುವವರು ಈಗಲೇ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿಡಿ. ಅದಕ್ಕೆ ಯಾವ ಸೀಸನ್ನೂ ಬೇಕಿಲ್ಲ.